ಕಳಚಿಟ್ಟದ್ದು ಉಳಿಯಿತು

ಏಪ್ರಿಲ್ ಕೊನೆಯ ಮಧ್ಯಾಹ್ನ. ಯಲ್ಲಾಪುರ ತಾಲೂಕಿನ ನಮ್ಮ ನಂದೊಳ್ಳಿಯ ಅಂಗಳದಲ್ಲಿ ಹಾಸಿದ ಹಲಸಿನ ಹಪ್ಪಳವನ್ನು ಇನ್ನೂ ಮಗುಚಿ ಹಾಕಿರುವುದಿಲ್ಲ, ಅಷ್ಟರಲ್ಲಿ ಆಕಾಶ ಕಪ್ಪಿಡುತ್ತದೆ. ಮೊದಲ ಗುಡುಗು ಕೇಳಿದ್ದೇ ತಡ, ಒಬ್ಬರು ಹಪ್ಪಳದ ಚಾಪೆ ಎತ್ತಲು ಓಡಿದರೆ ಇನ್ನೊಬ್ಬರು ಒಳಗೆ ಓಡುತ್ತಾರೆ. ಟಿ.ವಿ. ಪ್ಲಗ್ಗು, ಡಿಶ್ಶಿನ ಕೇಬಲ್ಲು, ಫ್ರಿಜ್ಜು, ಇಂಟರ್ನೆಟ್ಟಿನ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಕೀಳುತ್ತ ಬರುವುದು ಇಲ್ಲಿ ಯಾರೂ ಯಾರಿಗೂ ಕಲಿಸದ ವಿದ್ಯೆ. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಫೋನಿನ ತಂತಿಯನ್ನೂ ಕಿತ್ತಿಡುತ್ತಿದ್ದೆವು. ಸಿಡಿಲಿಗೆ ಬುದ್ಧಿ ಹೇಳಲಾಗದು, ಅದು ಬರುವ ದಾರಿ ಕತ್ತರಿಸಬಹುದು ಎಂಬುದು ನಮ್ಮ ಊರಿನ ಚಿಕ್ಕ ಮಗುವಿಗೂ ಗೊತ್ತು.

ಎರಡು ವರ್ಷದ ಹಿಂದೆ ಪರಿಚಿತರ ಮನೆಯೊಂದರಲ್ಲಿ ಗುಡುಗಿನ ಹೊತ್ತಿಗೆ ಯಾರೂ ಇರಲಿಲ್ಲ. ಎಲ್ಲರೂ ಮದುವೆ ಊಟಕ್ಕೆ ಹೋಗಿದ್ದರು. ಒಳಮನೆಯ ಮೇಜಿನ ಮೇಲೆ ಕಂಪ್ಯೂಟರು. ಅದರಲ್ಲಿ ಎಂಟು ವರ್ಷದ ತೋಟದ ಲೆಕ್ಕ, ಆಳುಗಳ ಹಾಜರಿ, ಹಿಸ್ಸೆ ಕಾಗದಗಳ ಸ್ಕ್ಯಾನು, ಮಗಳ ಮದುವೆಯ ಫೋಟೊ, ಹಳೇ ಕ್ಯಾಸೆಟ್ಟುಗಳಿಂದ ಇಳಿಸಿದ ತಾಳಮದ್ದಳೆ. ಮನೆಯ ಹುಡುಗ ದಡ್ಡನಲ್ಲ, ಒಂದು ಟೆರಾಬೈಟಿನ ಹೊರಗಿನ ಡಿಸ್ಕು ತಂದು ಎಲ್ಲವನ್ನೂ ಅದಕ್ಕೆ ಪ್ರತಿ ಮಾಡಿಟ್ಟಿದ್ದ. ಮರೆತುಹೋದೀತೆಂದು ಆ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇಟ್ಟಿದ್ದ. ಸಿಡಿಲು ಎರಡನ್ನೂ ಒಂದೇ ಏಟಿಗೆ ಮುಗಿಸಿತು. ಅವರ ಮನೆಯ ಅಜ್ಜ ಆ ಸಂಜೆ ಕೇಳಿದ್ದು ಇಷ್ಟೆ:

‘ತಮಾ, ಕಾಪಿ ಇದ್ದು ಹೇಳ್ತಿದ್ಯಲಾ, ಅದು ಎಲ್ಲಿದ್ದಿತ್ತು?’

‘ಅಲ್ಲೇ, ಕಂಪ್ಯೂಟರಿಗೇ ಸಿಕ್ಸಿಟ್ಟಿದ್ದಿ ಅಜ್ಜ.’

‘ಹಂಗಾರೆ ಎರಡೂ ದನ ಒಂದೇ ಗೂಟಕ್ಕೆ ಕಟ್ಟಿದಾಂಗಾತು.’

ಬ್ಯಾಕಪ್ ಬಗ್ಗೆ ನಾನು ಓದಿದ ಪುಟಗಳಲ್ಲೆಲ್ಲ ಇದಕ್ಕಿಂತ ಚೊಕ್ಕವಾದ ಮಾತು ಸಿಕ್ಕಿಲ್ಲ. ಇವತ್ತಿನ ಅಂಕಣ ಆ ಗೂಟದ ಬಗ್ಗೆಯೇ.

ಘಾನಾದಲ್ಲಿ ಹೋದ ಕರೆಂಟು

ಒಂದೇ ಗೂಟಕ್ಕೆ ಕಟ್ಟುವ ತಪ್ಪನ್ನು ನಮ್ಮ ಹುಡುಗನೊಬ್ಬನೇ ಮಾಡಿದ್ದಲ್ಲ. ಡೆನ್ಮಾರ್ಕಿನ ಮೆರ್ಸ್ಕ್ ಜಗತ್ತಿನ ಅತಿ ದೊಡ್ಡ ಹಡಗು ಸಾಗಣೆ ಕಂಪನಿಗಳಲ್ಲಿ ಒಂದು. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ ಅದರ ಜಾಲದೊಳಗೆ ಹೊಕ್ಕಿತು. ಕೆಲವೇ ತಾಸುಗಳಲ್ಲಿ ಸಾವಿರಾರು ಕಂಪ್ಯೂಟರುಗಳ ಪರದೆ ಕಪ್ಪಾಯಿತು. ಯಾವ ನೌಕರನಿಗೆ ಯಾವ ಬಾಗಿಲು ತೆರೆಯಬೇಕು, ಯಾರಿಗೆ ತೆರೆಯಬಾರದು ಎಂಬ ಪಟ್ಟಿ ಹೊತ್ತ ಮುಖ್ಯ ಸರ್ವರುಗಳು ಆ ಕಂಪನಿಗೆ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳಬಹುದು, 150ಕ್ಕೆ 150 ಪ್ರತಿ ಇದೆಯಲ್ಲ ಎಂಬ ಧೈರ್ಯ. ಆದರೆ ಅವೆಲ್ಲ ಒಂದಕ್ಕೊಂದು ಹೆಣೆದುಕೊಂಡೇ ಇದ್ದವು. ಎಲ್ಲವೂ ಒಟ್ಟಿಗೇ ಹೋದವು.

ಒಂದು ಉಳಿಯಿತು. ಅದು ಇದ್ದದ್ದು ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ. ಅದಕ್ಕೆ ವಿಶೇಷ ರಕ್ಷಣೆಯೇನೂ ಇರಲಿಲ್ಲ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು, ಸರ್ವರು ಜಾಲದಿಂದ ಕಡಿದುಕೊಂಡಿತ್ತು, ಅಷ್ಟೇ. ಅದರಲ್ಲಿದ್ದ ಮಾಹಿತಿಯನ್ನು ದುರಸ್ತಿ ಕೆಲಸ ನಡೆಯುತ್ತಿದ್ದ ಇಂಗ್ಲೆಂಡಿಗೆ ಇಂಟರ್ನೆಟ್ಟಿನಲ್ಲಿ ಕಳಿಸಲು ಹೊರಟರೆ ದಿನಗಟ್ಟಲೆ ಬೇಕಾಗುತ್ತಿತ್ತು. ಘಾನಾದ ಸಿಬ್ಬಂದಿಗೆ ಬ್ರಿಟನ್ನಿನ ವೀಸಾ ಇರಲಿಲ್ಲ. ಕೊನೆಗೆ ಒಬ್ಬರು ಅಮೂಲ್ಯವಾದ ಆ ಡಿಸ್ಕು ಹಿಡಿದು ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು. ಅವರು ಲಂಡನ್ನಿಗೆ ಒಯ್ದರು. ಸುಮಾರು ಹತ್ತು ದಿನಗಳಲ್ಲಿ 4,000 ಸರ್ವರು ಮತ್ತು 45,000 ಕಂಪ್ಯೂಟರುಗಳನ್ನು ಕಂಪನಿ ಮರುಕಟ್ಟಿತು.

ಕರೆಂಟು ಹೋಗಿದ್ದಕ್ಕೆ ಯಾರಾದರೂ ಹಬ್ಬ ಮಾಡಬೇಕೆಂದಿದ್ದರೆ ಅದು ಆ ದಿನ. ನಂದೊಳ್ಳಿಯಲ್ಲಿ ಓದುವವರಿಗೆ ಈ ಕತೆ ಪರಕೀಯ ಅನಿಸಲಾರದು. ಹೋಗುವ ಕರೆಂಟು, ತೆವಳುವ ಇಂಟರ್ನೆಟ್ಟು, ಕೈಯಿಂದ ಕೈಗೆ ದಾಟುವ ಚೀಲ, ಮೂರೂ ನಮ್ಮವೇ. ಕಳಚಿಡಬಹುದಾದ ಡಿಸ್ಕಿನ ಗುಣವೆಲ್ಲ ಇರುವುದು ಅದನ್ನು ಕಳಚಿಡುವುದರಲ್ಲಿ. ಸಿಕ್ಕಿಸಿಯೇ ಇಟ್ಟರೆ ಅದು ಕಂಪ್ಯೂಟರಿನ ಇನ್ನೊಂದು ಅಂಗವಾಗುತ್ತದೆಯೇ ಹೊರತು ಪ್ರತಿಯಾಗುವುದಿಲ್ಲ. ಸಿಡಿಲಿಗೆ ಅದೂ ಸಿಗುತ್ತದೆ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರಿಗೆ ಅದೂ ಸಿಗುತ್ತದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಇಂಥದೇ ದಾಳಿ ನಡೆದು, ದಿನಗಟ್ಟಲೆ ರೋಗಿಗಳ ಹೆಸರನ್ನು ಕಾಗದದ ಮೇಲೆ ಬರೆಯಬೇಕಾಗಿ ಬಂತು. ಆಗಲೂ ಮಾಹಿತಿ ಮರಳಿ ಸಿಕ್ಕಿದ್ದು ದಾಳಿಗೆ ಸಿಗದೆ ಉಳಿದ ಒಂದು ಬ್ಯಾಕಪ್ ಸರ್ವರಿನಿಂದ.

ಗೂಗಲ್ ಫೋಟೋಸ್ ಇದೆಯಲ್ಲ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಆ ಆ್ಯಪಿನಲ್ಲಿ ಅಳಿಸಿದ ಫೋಟೊ ಫೋನಿನಲ್ಲೂ ಕ್ಲೌಡಿನಲ್ಲೂ ಅಳಿಯುತ್ತದೆ, ಯಾಕೆಂದರೆ ಅದರ ಕೆಲಸ ಎರಡೂ ಕಡೆ ಒಂದೇ ಸಮ ಇಡುವುದು. ಇಲ್ಲಿ ಆದ ತಪ್ಪನ್ನು ಅಲ್ಲಿಯೂ ಮಾಡುವುದು ಅದಕ್ಕೆ ನಿಷ್ಠೆ. ಬ್ಯಾಕಪ್ಪಿಗೆ ಬೇಕಾದದ್ದು ಅಂಥ ನಿಷ್ಠೆಯಲ್ಲ, ಸ್ವಲ್ಪ ದೂರ.

ಈ ದೂರದ ಬೆಲೆ ಕನ್ನಡಿಗರಿಗೆ ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಬರೆಸಿದ್ದಷ್ಟೇ ಆಗಿದ್ದರೆ, ಸಾವಿರ ಓಲೆಕಟ್ಟುಗಳನ್ನು ಒಂದೇ ಭಂಡಾರದಲ್ಲಿ ಒಟ್ಟಿದ್ದರೆ, ಒಂದು ಬೆಂಕಿ ಸಾಕಿತ್ತು. ಆ ಪುಣ್ಯದ ಅರ್ಧಪಾಲು ಹಂಚಿದ್ದರಲ್ಲಿದೆ.

ಯಾವುದನ್ನು ಉಳಿಸಬೇಕು

ಬ್ಯಾಕಪ್ ಎಂದ ಕೂಡಲೇ ಇಡೀ ಕಂಪ್ಯೂಟರನ್ನೇ ಎತ್ತಿಡಬೇಕೆಂದು ಹೆದರಿ ಜನ ಕೈಬಿಡುತ್ತಾರೆ. ಬೇಡ. ಒಂದು ಕಾಗದ ತೆಗೆದುಕೊಂಡು ಎರಡು ಸಾಲು ಬರೆಯಿರಿ. ಮತ್ತೆ ಸಿಗುವಂಥದ್ದು ಒಂದು, ಮತ್ತೆ ಸಿಗದ್ದು ಇನ್ನೊಂದು.

ವಿಂಡೋಸು ಮತ್ತೆ ಹಾಕಿಸಬಹುದು. ಸಿನಿಮಾ ಮತ್ತೆ ಸಿಗುತ್ತದೆ. ಚಾಲ್ತಿ ಪಹಣಿ ಸರ್ಕಾರದ ‘ಭೂಮಿ’ಯಲ್ಲಿದೆ, ಬೇಕೆಂದಾಗ ಪಡೆಯಬಹುದು. ಆದರೆ ಅಜ್ಜನ ಕಾಲದ ಕೈಬರಹದ ಪಹಣಿಯನ್ನು ಸ್ಕ್ಯಾನ್ ಮಾಡಿ ಮೂಲ ಕಾಗದ ಗೆದ್ದಲಿಗೆ ಹೋಗಿದ್ದರೆ ಆ ಸ್ಕ್ಯಾನೇ ಈಗ ಮೂಲ. ಹಿಸ್ಸೆ ಪತ್ರ, ಬೆಟ್ಟದ ನಕಾಶೆ, ತೋಟದ ಲೆಕ್ಕ, ಸಂಘದ ಪತ್ರವ್ಯವಹಾರ, ಮಗುವಿನ ಮೊದಲ ಮಾತಿನ ವಿಡಿಯೊ, ಮೇಳದ ಆಟದ ರೆಕಾರ್ಡಿಂಗು ಇವೆಲ್ಲ ಎರಡನೇ ಸಾಲಿನವು.

ಎರಡನೇ ಸಾಲನ್ನು ಅಳೆದು ನೋಡಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಒಂದು ಫೋಟೊ 4 ಎಂ.ಬಿ. ಎಂದಿಟ್ಟುಕೊಂಡರೆ 15,000 ಫೋಟೊಗೆ 60 ಜಿ.ಬಿ. ಎಂಟು ವರ್ಷದ ಲೆಕ್ಕಪತ್ರ, ಸ್ಕ್ಯಾನುಗಳೆಲ್ಲ ಸೇರಿ ನಾಲ್ಕೈದು ಜಿ.ಬಿ. ದಾಟುವುದು ಅಪರೂಪ. ಜಾಗ ನುಂಗುವುದು ವಿಡಿಯೊ ಮಾತ್ರ. ಹೀಗಾಗಿ ಒಂದು ಮಾಮೂಲಿ ಮನೆಗೆ ಒಂದು ಟೆರಾಬೈಟಿನ, ಅಂದರೆ ಸಾವಿರ ಜಿ.ಬಿ.ಯ ಡಿಸ್ಕಿನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ಜಾಗವಿದೆ.

ಉಳಿಸಬೇಕಾದದ್ದೆಲ್ಲ ಒಂದೇ ಫೋಲ್ಡರಿನೊಳಗೆ ಇರಲಿ. ಡೆಸ್ಕ್‌ಟಾಪಿನಲ್ಲಿ ಒಂದಿಷ್ಟು, ಡೌನ್‌ಲೋಡಿನಲ್ಲಿ ಒಂದಿಷ್ಟು ಚೆಲ್ಲಿಕೊಂಡಿದ್ದರೆ ಯಾವುದೋ ಒಂದು ತಪ್ಪಿಯೇ ತಪ್ಪುತ್ತದೆ. ಲೆಕ್ಕಕ್ಕೆ ಟ್ಯಾಲಿ ಬಳಸುವವರು ಅದರೊಳಗೇ ಇರುವ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆದು ಈ ಫೋಲ್ಡರಿಗೆ ಹಾಕಬೇಕು. ಟ್ಯಾಲಿಯ ಕಡತ ಎಲ್ಲಿ ಕೂತಿದೆ ಎಂದು ಮಾಲೀಕನಿಗೇ ಗೊತ್ತಿಲ್ಲದ ಅಂಗಡಿಗಳು ಬೇಕಾದಷ್ಟಿವೆ.

ಮದ್ದು ಹೊಡೆಯುವ ಹೊತ್ತು

ಅಡಿಕೆ ಬೆಳೆಗಾರನಿಗೆ ಬ್ಯಾಕಪ್ಪಿನ ವೇಳಾಪಟ್ಟಿ ವಿವರಿಸುವುದು ಸುಲಭ, ಯಾಕೆಂದರೆ ಅವನು ವರ್ಷಕ್ಕೆ ಎರಡು ಸಲ ಅದೇ ತತ್ವ ಪಾಲಿಸುತ್ತಾನೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಮೊದಲ ದಶಕಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೊ ದ್ರಾವಣವನ್ನು ಅಡಿಕೆಗೆ ಬಳಕೆಗೆ ತಂದರು. ಅದರ ಗುಟ್ಟು ಮದ್ದಿನಲ್ಲಿರುವಷ್ಟೇ ಹೊತ್ತಿನಲ್ಲೂ ಇದೆ. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಕೊನೆಯಿಂದ ಕಾಯಿ ಉದುರಲು ಶುರುವಾದ ಮೇಲೆ ಔಷಧಿ ಕಲೆಸಿದರೆ ಮೈಲುತುತ್ತ ದಂಡ. ರೋಗ ಕಾಣದಿರುವಾಗಲೇ ಮರ ಹತ್ತಿಸಬೇಕು.

ಡಿಸ್ಕು ಕೆಡುವ ಮುಂಚೆ ತೆಗೆದ ಪ್ರತಿ ಮಾತ್ರ ಪ್ರತಿ. ಇದಕ್ಕೆ ಮನಸ್ಸಿನ ನೆನಪನ್ನು ನಂಬಿದರೆ ಆಗದು, ಹೇಗಿದ್ದರೂ ತಪ್ಪದ ಯಾವುದೋ ದಿನಕ್ಕೆ ಕಟ್ಟಬೇಕು. ನಾನು ಕಟ್ಟಿಕೊಂಡಿರುವುದು ಹೀಗೆ.

ವಾರಕ್ಕೊಮ್ಮೆ, ಸಂತೆಯ ದಿನ. ಸಂತೆಗೆ ಹೊರಡುವ ಮುಂಚೆ ಬೆಳಿಗ್ಗೆ ಡಿಸ್ಕು ಸಿಕ್ಕಿಸುವುದು, ಆ ವಾರ ಹೊಸತಾಗಿ ಬಂದದ್ದನ್ನು ಬದಲಾದದ್ದನ್ನು ಅದಕ್ಕೆ ಹಾಕುವುದು, ಕಳಚುವುದು, ಆಮೇಲೆ ಚೀಲ ಹಿಡಿದು ಹೊರಡುವುದು. ಬೆಳಿಗ್ಗೆಯೇ ಯಾಕೆಂದರೆ ಬೇಸಿಗೆಯ ಕೊನೆಯಲ್ಲೂ ಅಕ್ಟೋಬರಿನಲ್ಲೂ ಗುಡುಗು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಲ್ಯಾಪ್‌ಟಾಪ್ ಇದ್ದವರು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೇ ಈ ಕೆಲಸ ಮಾಡಬಹುದು. ಅಂಗೈಯಗಲದ ಡಿಸ್ಕುಗಳಿಗೆ ಬೇರೆ ಕರೆಂಟು ಬೇಡ, ಯು.ಎಸ್.ಬಿ. ತಂತಿಯಿಂದಲೇ ಅವು ಉಸಿರಾಡುತ್ತವೆ. ಹೀಗೆ ಮಾಡಿದರೆ ನಡುವೆ ಲೈನ್ ಹೋದರೂ ಬರೆಯುವ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ. ಮುಗಿದ ಮೇಲೆ ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂದು ಕಂಪ್ಯೂಟರು ಹೇಳಿದ ಮೇಲೆಯೇ ತೆಗೆಯಬೇಕು.

ತಿಂಗಳಿಗೊಮ್ಮೆ, ಸಂಕಷ್ಟಿಯ ದಿನ. ಗಣಪತಿಯ ಭಕ್ತರು ಇರುವ ಸೀಮೆ ಇದು. ಗೋಡೆಯ ಪಂಚಾಂಗ ನೋಡದೆಯೂ ಮನೆಯಲ್ಲಿ ಒಬ್ಬರಿಗಾದರೂ ಇವತ್ತು ಸಂಕಷ್ಟಿ ಎಂದು ಗೊತ್ತಿರುತ್ತದೆ. ಸಂಕಟ ಕಳೆಯುವ ದಿನವೇ ಆ ಫೋಲ್ಡರಿನ ಪೂರ್ತಿ ಪ್ರತಿ ತೆಗೆದರೆ ದೇವರಿಗೂ ಸ್ವಲ್ಪ ಸಹಾಯವಾದೀತು.

ವರ್ಷಕ್ಕೊಮ್ಮೆ, ಮಾರ್ಚ್ 31. ಲೆಕ್ಕದ ವರ್ಷ ಮುಗಿಯುವ ದಿನ. ಜಗತ್ತಿನ ಕಂಪ್ಯೂಟರ್ ಮಂದಿ 2011ರಿಂದ ‘ವಿಶ್ವ ಬ್ಯಾಕಪ್ ದಿನ’ ಎಂದು ಆಚರಿಸುವುದೂ ಅದನ್ನೇ, ಮರುದಿನ ಏಪ್ರಿಲ್ ಫೂಲ್ ಆಗದಿರಲಿ ಎಂದು. ಅವತ್ತು ಆ ವರ್ಷದ ಮುಖ್ಯ ಕಡತಗಳನ್ನು ಒಂದು ಡಿ.ವಿ.ಡಿ.ಗೆ ಬರೆದು, ಮೇಲೆ ವರ್ಷ ಹಾಕಿ ಎತ್ತಿಡುವುದು.

ವಾರದ್ದು ಕಿರ್ದಿಯ ಹಾಗೆ, ಆಯಾ ದಿನದ ಜಮಾ ಖರ್ಚು ಮಾತ್ರ. ತಿಂಗಳಿನದ್ದು ಖತಾವಣಿಯ ಹಾಗೆ, ಎಲ್ಲವನ್ನೂ ಕೂಡಿಸಿ ಬರೆದದ್ದು. ಪ್ರತಿ ವಾರವೂ 60 ಜಿ.ಬಿ. ಬರೆಯುವ ಅಗತ್ಯವಿಲ್ಲ, ಆ ವಾರ ಸೇರಿದ 20 ಫೋಟೊ, ಎರಡು ಲೆಕ್ಕದ ಹಾಳೆ ಸಾಕು, ಅದಕ್ಕೆ ಐದು ನಿಮಿಷ. ವಿಂಡೋಸಿನ ‘ಫೈಲ್ ಹಿಸ್ಟರಿ’ಯಂಥ ವ್ಯವಸ್ಥೆಗಳು ಬದಲಾದದ್ದನ್ನು ತಾವೇ ಗುರುತಿಸಿ ಬರೆಯುತ್ತವೆ, ಹಳೆಯ ರೂಪವನ್ನೂ ಉಳಿಸುತ್ತವೆ.

ಹಳೆಯ ರೂಪ ಯಾಕೆ ಬೇಕು? ಮಳೆಗಾಲದಲ್ಲಿ ಯಾರೋ ಆಳಿನ ಹಾಜರಿಯ ಹಾಳೆ ತೆರೆದು, ಒಂದು ಕಾಲಂ ಅಳಿಸಿ, ಗೊತ್ತಾಗದೆ ಸೇವ್ ಮಾಡಿದರೆನ್ನಿ. ಅದು ಕಣ್ಣಿಗೆ ಬೀಳುವುದು ಕೊನೆಕೊಯ್ಲಿಗೆ ಲೆಕ್ಕ ತೆಗೆದಾಗ. ಅಷ್ಟರಲ್ಲಿ ಆ ತಪ್ಪು ಹಾಳೆಯೇ ವಾರ ವಾರ ಪ್ರತಿಯಾಗಿ ಒಳ್ಳೆಯ ಹಾಳೆಯ ಮೇಲೆ ಕೂತಿರುತ್ತದೆ. ಆಗ ನಿಮ್ಮನ್ನು ಕಾಯುವುದು ತಿಂಗಳುಗಟ್ಟಲೆ ಹಳೆಯ ಪ್ರತಿ, ಹೊಸದಲ್ಲ. ಕಂಪ್ಯೂಟರ್ ವಿಭಾಗದವರು ಈ ಪದ್ಧತಿಗೆ ಇಟ್ಟ ಹೆಸರು ಅಜ್ಜ-ಅಪ್ಪ-ಮಗ. ವಾರದ್ದು ಮಗ, ತಿಂಗಳಿನದ್ದು ಅಪ್ಪ, ವರ್ಷದ್ದು ಅಜ್ಜ. ಮಗ ದಾರಿ ತಪ್ಪಿದ್ದನ್ನು ಅಪ್ಪ ಸರಿಮಾಡಬೇಕು, ಅಪ್ಪನೂ ತಪ್ಪಿದ್ದರೆ ಅಜ್ಜನ ಹತ್ತಿರ ಹೋಗಬೇಕು.

ಇದಕ್ಕೆ ಬೇಕಾದದ್ದು ಮೂರು ಡಿಸ್ಕು. ಅವಕ್ಕೆ ಅ, ಆ, ಇ ಎಂದು ಚೀಟಿ ಅಂಟಿಸಿ. ಮನೆಯಲ್ಲಿ ‘ಅ’ ಒಂದು ವಾರ, ‘ಆ’ ಮರುವಾರ. ‘ಇ’ ಬೇರೆ ಊರಿನಲ್ಲಿ. ಸಂಕಷ್ಟಿಗೆ ಪೂರ್ತಿ ಪ್ರತಿ ತೆಗೆದ ಡಿಸ್ಕನ್ನು ಊರಾಚೆ ಕಳಿಸಿ, ಅಲ್ಲಿಂದ ‘ಇ’ಯನ್ನು ತರಿಸಿಕೊಳ್ಳಿ. ಮುಂದಿನ ತಿಂಗಳು ಇನ್ನೊಂದು ಹೋಗುತ್ತದೆ. ಮೂರೂ ಒಂದೇ ಸೂರಿನಡಿ ಒಂದು ರಾತ್ರಿಯೂ ಮಲಗಬಾರದು.

ಡಿಸ್ಕನ್ನು ತಿನ್ನುವ ಬೂಸಲು

ಯಾವ ಡಿಸ್ಕು ಎಂಬ ಪ್ರಶ್ನೆಗೆ ಮಲೆನಾಡಿನ ಉತ್ತರ ಬಯಲುಸೀಮೆಯದ್ದಲ್ಲ. ಒಂದು ಸಿ.ಡಿ. ಹಿಡಿಸುವುದು 700 ಎಂ.ಬಿ., ಡಿ.ವಿ.ಡಿ. 4.7 ಜಿ.ಬಿ., ಬ್ಲೂ-ರೇ 25 ಜಿ.ಬಿ. ನಮ್ಮ 60 ಜಿ.ಬಿ. ಫೋಟೊಗಳಿಗೆ ಡಿ.ವಿ.ಡಿ. ಹಿಡಿದರೆ 13 ಬೇಕು. ಪ್ರತಿ ತಿಂಗಳು 13 ಡಿ.ವಿ.ಡಿ. ಸುಡುವ ತಾಳ್ಮೆ ಎರಡನೇ ತಿಂಗಳಿಗೇ ಮುಗಿಯುತ್ತದೆ. ಹಾಗಾಗಿ ಮಗ, ಅಪ್ಪ ಇಬ್ಬರಿಗೂ ಹೊರಗಿನ ಹಾರ್ಡ್‌ಡಿಸ್ಕು. ಒಮ್ಮೆ ಬರೆದರೆ ಅಳಿಸಲಾಗದ ಡಿ.ವಿ.ಡಿ. ಒಪ್ಪುವುದು ಅಜ್ಜನಿಗೆ. ಅದರ ಮೇಲೆ ಯಾವ ವೈರಸ್ಸೂ ಮತ್ತೆ ಬರೆಯಲಾರದು, ಕೈತಪ್ಪಿ ಯಾರೂ ಅಳಿಸಲಾರರು. ವರ್ಷದ ಲೆಕ್ಕ, ಕಾಗದಪತ್ರ ಒಂದೇ ಡಿ.ವಿ.ಡಿ.ಯಲ್ಲಿ ಮುಗಿಯುತ್ತದೆ. ಅಳಿಸಿ ಬರೆಯಬಹುದಾದ ‘ಆರ್‌ಡಬ್ಲ್ಯು’ ಬಗೆ ಈ ಕೆಲಸಕ್ಕೆ ಬೇಡ.

ಆದರೆ ತೇವ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಒಂದು ಸಿ.ಡಿ. ಇದ್ದಕ್ಕಿದ್ದಂತೆ ಓದದಾಯಿತು. ಸ್ಪೇನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಅಂಚಿನಿಂದ ಒಳಹೊಕ್ಕ ಶಿಲೀಂಧ್ರವೊಂದು ಪ್ಲಾಸ್ಟಿಕ್ಕನ್ನೂ ಒಳಗಿನ ಅಲ್ಯೂಮಿನಿಯಂ ಪದರವನ್ನೂ ತಿನ್ನುತ್ತಿತ್ತು. ಹಳ್ಳಿಯ ಕಪಾಟಿನಲ್ಲಿ ಬೂಸಲು ಹಿಡಿದ ತಾಳಮದ್ದಳೆ ಕ್ಯಾಸೆಟ್ಟು ಕಂಡವರಿಗೆ ಇದು ಅಚ್ಚರಿಯಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಕೂತರೆ ಟೇಪಿನ ಮೇಲೆ ಬಿಳಿ ಹಾವಸೆ. ಸಿ.ಡಿ., ಡಿ.ವಿ.ಡಿ.ಗಳಿಗೆ ತಜ್ಞರು ಹೇಳುವ ತೇವಾಂಶ ಶೇ. 20ರಿಂದ 50. ಆಷಾಢದಲ್ಲಿ ನಮ್ಮ ಒಳಮನೆಯ ಗಾಳಿಗೆ ಆ ಲೆಕ್ಕ ಹೇಳಿದರೆ ನಕ್ಕೀತು.

ಮಾಡಬೇಕಾದದ್ದು ಸರಳ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ. ನೀರು ಹೀರಿದಾಗ ಬಣ್ಣ ಬದಲಿಸುವ ಹರಳು ಸಿಕ್ಕರೆ ಇನ್ನೂ ಒಳ್ಳೆಯದು, ಯಾವಾಗ ಬದಲಿಸಬೇಕೆಂದು ಅದೇ ಹೇಳುತ್ತದೆ. ಡಬ್ಬಿ ಮುಚ್ಚುವುದು ಮೃಗಶಿರ ಹಿಡಿಯುವ ಮುಂಚೆ, ಹವೆ ಒಣಗಿದ್ದಾಗ. ಡಿ.ವಿ.ಡಿ.ಯನ್ನು ಅದರ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ಮೇಲೆ ಅಂಟು ಚೀಟಿ ಬೇಡ, ಬಾಲ್‌ಪೆನ್ನು ಬೇಡ, ಮೆತ್ತನೆ ತುದಿಯ ಮಾರ್ಕರ್ ಸಾಕು. ಒಲೆಯ ಮೇಲಿನ ಹೊಗೆಯಟ್ಟ ಓಲೆಗರಿಗೆ ಒಗ್ಗುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಡಿಸ್ಕಿಗೆ ಆ ಬಿಸಿ, ಆ ಮಸಿ ಎರಡೂ ಆಗದು.

ಹಾರ್ಡ್‌ಡಿಸ್ಕು ಬಿದ್ದರೆ ಮುಗಿಯಿತು, ಒಳಗೆ ಓದುವ ಮುಳ್ಳಿನಿಂದ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತಿರುಗುವ ತಟ್ಟೆಯಿದೆ. ಅದನ್ನು ಒಯ್ಯುವಾಗ ಮೊಟ್ಟೆ ಒಯ್ದಂತೆ ಒಯ್ಯಬೇಕು. ಪೆನ್‌ಡ್ರೈವನ್ನು ಅಂಚೆಯವನಂತೆ ಬಳಸಿ, ಉಗ್ರಾಣದಂತೆ ಅಲ್ಲ. ವಿದ್ಯುತ್ ಸಿಗದೆ ವರ್ಷಗಟ್ಟಲೆ ಬಿದ್ದರೆ ಅದರೊಳಗಿನ ನೆನಪು ಮಾಸಬಹುದು.

ಇನ್ನೊಂದು ಕಹಿ ಮಾತು. ಯಾವ ಡಿಸ್ಕೂ ಶಾಶ್ವತವಲ್ಲ, ಅದನ್ನು ಓದುವ ಯಂತ್ರ ಅದಕ್ಕಿಂತ ಮೊದಲೇ ಸಾಯುತ್ತದೆ. 1.44 ಎಂ.ಬಿ.ಯ ಫ್ಲಾಪಿ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ತೂರಿಸಲು ಈಗ ಕಿಂಡಿಯೇ ಇಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿ.ವಿ.ಡಿ. ಡ್ರೈವ್ ಕಾಣುವುದೇ ಅಪರೂಪ, ಹೊರಗಿನದನ್ನು ಬೇರೆ ಕೊಳ್ಳಬೇಕು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಕಂಪನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹಾಗಾಗಿ ನಾಲ್ಕೈದು ವರ್ಷಕ್ಕೊಮ್ಮೆ ಹಳೆಯದನ್ನು ಹೊಸದಕ್ಕೆ ದಾಟಿಸುವುದೂ ದಿನಚರಿಯ ಭಾಗ. ಓಲೆ ಶಿಥಿಲವಾದಾಗ ಲಿಪಿಕಾರನನ್ನು ಕೂರಿಸಿ ಹೊಸ ಓಲೆಗೆ ಬರೆಸಿದ್ದರಿಂದಲೇ ಹಳಗನ್ನಡ ನಮ್ಮ ಕೈಗೆ ಬಂದದ್ದು.

ಮೂರನೆಯದು ಎಲ್ಲಿ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರವೊಂದಿದೆ: 3-2-1. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಊರಾಚೆ. ಮೊದಲೆರಡು ಎಲ್ಲರಿಗೂ ಒಪ್ಪಿಗೆ. ಮೂರನೆಯದಕ್ಕೆ ಬಂದಾಗ ‘ನಮ್ಮ ಮನೆಗೆ ಏನಾಗುತ್ತದೆ?’ ಎನ್ನುತ್ತಾರೆ.

2021ರ ಜುಲೈ ತಿಂಗಳನ್ನು ಯಲ್ಲಾಪುರ ತಾಲೂಕಿನವರಿಗೆ ನೆನಪಿಸಬೇಕಾಗಿಲ್ಲ. ಒಂದೇ ಮಳೆಗೆ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಜಾರಿ ಹೋದವು. ಅರಬೈಲ್ ಘಟ್ಟದ ಹೆದ್ದಾರಿ ಮುಚ್ಚಿತು, ಗುಳ್ಳಾಪುರದ ಸೇತುವೆ ಹೊಳೆಯ ಪಾಲಾಯಿತು. ತಲೆಮಾರುಗಳಿಂದ ಅಲುಗದ ಮಣ್ಣು ಒಂದು ರಾತ್ರಿಯಲ್ಲಿ ಅಲುಗಿತು. ಉಟ್ಟ ಬಟ್ಟೆಯಲ್ಲಿ ಹೊರಬಿದ್ದವರು ಕಪಾಟಿನ ಡಿಸ್ಕು ಹುಡುಕುತ್ತ ನಿಲ್ಲಲಾರರು, ನಿಲ್ಲಲೂಬಾರದು.

ಹಾಗಾಗಿ ಮೂರನೆಯದು ಪಕ್ಕದ ಮನೆಯಲ್ಲಿರುವುದೂ ಸಾಲದು. ಶಿರಸಿಯ ಭಾವನ ಮನೆ, ಹುಬ್ಬಳ್ಳಿಯಲ್ಲಿ ಓದುವ ಮಗಳ ರೂಮು, ಬೆಂಗಳೂರಿನ ತಮ್ಮ, ಯಾವುದಾದರೂ ಆದೀತು. ತಿಂಗಳಿಗೊಮ್ಮೆ ಯಾರಾದರೂ ಹೋಗಿ ಬಂದೇ ಬರುತ್ತಾರೆ, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಡಿಸ್ಕೂ ಹೋಗಲಿ. ಭರಣಿ ಸೋರದ ಹಾಗೆ ಬೇರೆ ಚೀಲದಲ್ಲಿ.

‘ಕ್ಲೌಡಿಗೆ ಹಾಕಿದರಾಯಿತಲ್ಲ’ ಎನ್ನುವವರಿಗೆ ಸಣ್ಣ ಲೆಕ್ಕ. ಮೇಲೆ ಕಳಿಸುವ ವೇಗ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ 60 ಜಿ.ಬಿ.ಗೆ ಒಂದೇ ಸಮ ಓಡಿದರೂ ಸುಮಾರು 27 ತಾಸು. ಕರೆಂಟು, ನೆಟ್‌ವರ್ಕು ಎರಡೂ ಜೊತೆಯಾಗಿ 27 ತಾಸು ಇದ್ದ ಮಳೆಗಾಲ ನನಗೆ ನೆನಪಿಲ್ಲ. ಅದೇ 60 ಜಿ.ಬಿ. ಹಳೆಯ ಯು.ಎಸ್.ಬಿ.ಯಲ್ಲೂ ಅರ್ಧ ತಾಸಿನ ಮೇಲೆ ಸ್ವಲ್ಪ, ಹೊಸದರಲ್ಲಿ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಗೂಗಲ್ ಉಚಿತವಾಗಿ ಕೊಡುವುದೂ 15 ಜಿ.ಬಿ. ಮಾತ್ರ. ನಾಲ್ಕು ಮುಖ್ಯ ಕಡತಗಳಿಗೆ ಕ್ಲೌಡ್ ಸಾಕು, ಉಳಿದದ್ದಕ್ಕೆ ಬಸ್ಸೇ ವೇಗ.

ಊರಾಚೆ ಹೋಗುವ ಡಿಸ್ಕಿಗೆ ಬೀಗವಿರಲಿ. ಬ್ಯಾಂಕಿನ ವಿವರ, ಆಧಾರ್ ಎಲ್ಲ ಅದರಲ್ಲಿದೆ. ಡಿಸ್ಕನ್ನೇ ಪಾಸ್‌ವರ್ಡಿನಿಂದ ಮುಚ್ಚುವ ಸೌಲಭ್ಯಗಳಿವೆ. ಆದರೆ ಆ ಪಾಸ್‌ವರ್ಡು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅದೂ ಒಂದೇ ಗೂಟ. ಕಾಗದದ ಮೇಲೆ ಬರೆದು, ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿಟ್ಟು, ಇನ್ನೊಬ್ಬರಿಗೆ ಹೇಳಿಡಿ.

ತೆಗೆದು ನೋಡಿ

ಭರಣಿಯಲ್ಲಿ ಹಾಕಿಟ್ಟ ಮಿಡಿಯನ್ನು ಆಗಾಗ ಇಣುಕದವರಿಲ್ಲ. ಡಿಸ್ಕನ್ನು ಮಾತ್ರ ಇಣುಕದೆ ನಂಬುತ್ತೇವೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರೊಬ್ಬರು ಆಯಾಸದ ರಾತ್ರಿಯಲ್ಲಿ ತಪ್ಪು ಸರ್ವರಿನ ಮಾಹಿತಿ ಅಳಿಸಿದರು. ಬ್ಯಾಕಪ್ಪಿಗೆ ಐದು ದಾರಿಗಳಿದ್ದವು, ನೋಡಲು ಹೋದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ತಾಸು ಮುಂಚೆ ಯಾವುದೋ ಬೇರೆ ಕೆಲಸಕ್ಕಾಗಿ ತೆಗೆದ ಪ್ರತಿಯೊಂದು ಸಿಕ್ಕಿತು. ಸಾಫ್ಟ್‌ವೇರನ್ನೇ ಉಸಿರಾಡುವವರ ಕತೆ ಇದು.

ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಡಿಸ್ಕಿನಿಂದ ಹತ್ತು ಕಡತಗಳನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ ತೆರೆದು ನೋಡಿ. ಬೇರೆಯದೇ ಯಾಕೆಂದರೆ ಕನ್ನಡಿಗರಿಗೆ ಇನ್ನೊಂದು ಬಲೆಯಿದೆ. 20 ವರ್ಷದ ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಎಷ್ಟೋ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಆ ಹಳೆಯ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಡತ ಉಳಿದಿದೆ, ಮಾತು ಹೋಗಿದೆ. ಅಂಥವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಜೊತೆಗೆ ಒಂದು ಪಿ.ಡಿ.ಎಫ್. ಮಾಡಿ, ಹಳೆಯ ಫಾಂಟನ್ನೂ ಅದೇ ಫೋಲ್ಡರಿನಲ್ಲಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಯಾವ ತಂತ್ರಾಂಶವೂ ಮಾಡದ ಒಂದು ಕೆಲಸ ಉಳಿಯುತ್ತದೆ, ‘ಆಯಿತಾ?’ ಎಂದು ಕೇಳುವುದು. ಸಿಡಿಲು ಬಡಿದ ಆ ಮನೆಯಲ್ಲಿ ಈಗ ಅಡುಗೆಮನೆಯ ಕ್ಯಾಲೆಂಡರೇ ಬ್ಯಾಕಪ್ಪಿನ ದಾಖಲೆ. ಹಾಲಿನ ಲೀಟರು, ಸಿಲಿಂಡರ್ ಬಂದ ದಿನ, ಆಳು ಬಂದ ಗುರುತು ಇವುಗಳ ನಡುವೆ ಸಂತೆಯ ದಿನದ ಚೌಕದಲ್ಲಿ ಕೆಂಪು ಶಾಯಿಯ ಒಂದಕ್ಷರ. ಒಂದು ವಾರ ಅ, ಮರುವಾರ ಆ. ಅಜ್ಜ ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಸಂತೆಗೆ ಹೊರಟ ಮೊಮ್ಮಗನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಕನ್ನಡಕ ಏರಿಸಿ, ಚೌಕ ಖಾಲಿ ಇರುವುದನ್ನು ತೋರಿಸುತ್ತಾರೆ:

‘ತಮಾ, ಇವತ್ತಿನ ಅಕ್ಷರ ಎಲ್ಲಿದ್ದು?’

ಮೊಮ್ಮಗ ಚೀಲ ಕೆಳಗಿಟ್ಟು ಒಳಗೆ ಹೋಗುತ್ತಾನೆ.